ನಮ್ಮ ಬೇಸ್‌ಬಾಲ್ ಮೈದಾನಕ್ಕೆ ಲೋಕಲ್ ರೂಲ್ಸ್: ಬೇವಿನ ಮರ, ಫರ್ಸಿ ಗೋಡೆ, ಎರೆ ಬಿರುಕು. ಏನು ಮಾಡೋಣ?

ಎರೆಮಣ್ಣು_ಕಲಬುರಗಿ
ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿ ರಿಂಗ್ ರೋಡ್ ಆಚೆ ಒಂದು ಶಾಲೆ ಮೈದಾನದಲ್ಲಿ ನಾವು ಬೇಸ್‌ಬಾಲ್ ಆಡಿಸುತ್ತೇವೆ. ಬೆಳಿಗ್ಗೆ ಹೈಸ್ಕೂಲ್ ಮಕ್ಕಳು, ಅವರದು ಮುಗಿದ ಮೇಲೆ ನಾವು ದೊಡ್ಡವರು. ಬರುವ ಭಾನುವಾರ ಬೀದರ್‌ನಿಂದ ಒಂದು ಟೀಮ್ ಬರುತ್ತಿದೆ. ಹೋದ ಸಲ ಯಾದಗಿರಿಯವರು ಬಂದಾಗ ಆಟಕ್ಕಿಂತ ವಾದವೇ ಜಾಸ್ತಿ ಆಯಿತು. ಈ ಸಲ ಮೊದಲೇ ರೂಲ್ಸ್ ಬರೆದಿಡೋಣ ಅಂತ ಇಲ್ಲಿ ಕೇಳುತ್ತಿದ್ದೇನೆ.

ಮೈದಾನ ಹೀಗಿದೆ. ಹೋಮ್ ಪ್ಲೇಟ್ (ಬ್ಯಾಟರ್ ನಿಂತು ಹೊಡೆಯುವ ಜಾಗ) ಪಶ್ಚಿಮಕ್ಕೆ, ಗೇಟಿನ ಹತ್ತಿರ. ಬ್ಯಾಟರ್ ಮುಖ ಪೂರ್ವಕ್ಕೆ. ಬಲಗಡೆ ಶಹಾಬಾದ್ ಫರ್ಸಿ ನಿಲ್ಲಿಸಿ ಕಟ್ಟಿದ ಕಾಂಪೌಂಡ್, ಆಳೆತ್ತರ ಇದೆ. ಟೇಪ್ ಹಿಡಿದು ಅಳೆದರೆ ಫೌಲ್ ಲೈನ್ (ಇದರ ಒಳಗೆ ಹೊಡೆದರೆ ಫೇರ್, ಹೊರಗೆ ಹೋದರೆ ಫೌಲ್) ಮೇಲೆ ಹೋಮ್ ಪ್ಲೇಟ್‌ನಿಂದ ಬರೀ 190 ಅಡಿ. ಗೋಡೆ ಆಚೆ ಮನೆಗಳು. ಎಡಗಡೆ ಬೇಲಿಯೇ ಇಲ್ಲ. ಬಳ್ಳಾರಿ ಜಾಲಿ, ಅದರಾಚೆ ತೊಗರಿ ಹೊಲ. ಥರ್ಡ್ ಬೇಸ್ ದಾಟಿ ಮುಂದೆ ಒಂದು ದೊಡ್ಡ ಬೇವಿನ ಮರ, ಟೊಂಗೆ ಫೌಲ್ ಲೈನ್ ಮೇಲೆ ಚಾಚಿದೆ. ಸೆಂಟರ್ ಫೀಲ್ಡ್‌ನಲ್ಲಿ ಕ್ರಿಕೆಟ್‌ನ ಸಿಮೆಂಟ್ ಪಿಚ್. ಗೇಟಿನ ಬದಿಗೆ ಧ್ವಜದ ಕಟ್ಟೆ, ಪಕ್ಕದಲ್ಲೇ ಬೈಕ್ ನಿಲ್ಲಿಸುತ್ತಾರೆ. ನೆಲ ಎರೆ. ಈಗ ಬೇಸಿಗೆ ಅಲ್ವಾ, ಬಿರುಕಿನಲ್ಲಿ ಕೈ ಹೋಗುತ್ತದೆ.

ಗೋಡೆ ದಾಟಿದರೆ ಹೋಮ್ ರನ್ನಾ (ನಾಲ್ಕೂ ಬೇಸ್ ಸುತ್ತಿ ಬಂದು ರನ್), ಎರಡು ಬೇಸಾ? ಚೆಂಡು ಮರಕ್ಕೆ ತಾಗಿದರೆ? ಬಿರುಕಿಗೆ ಇಳಿದರೆ? ಎಸೆತ ಬೈಕ್ ಕಡೆ ಹೋದರೆ ರನ್ನರ್‌ಗೆ ಎಷ್ಟು? ಅನುಭವ ಇದ್ದವರು ಹೇಳಿ.

ಗಲ್ಲಿ_ಬೌಲರ್
ಗೋಡೆ ದಾಟಿದರೆ ಔಟ್. ಮುಗೀತು. ನಮ್ಮ ಗಲ್ಲಿಯಲ್ಲಿ ಕ್ರಿಕೆಟ್‌ಗೆ ಹಂಗೇ. ಹೊಡೆದವನೇ ಹೋಗಿ ಚೆಂಡು ತರಬೇಕು, ಬೈಗುಳನೂ ಅವನೇ ತಿನ್ನಬೇಕು.

ಎಡಗೈ_ಬ್ಯಾಟು
ಔಟ್ ಅಂತೆ! ಎಡಗೈಯವರು ಎಳೆದು ಹೊಡೆದರೆ ಚೆಂಡು ಹೋಗುವುದೇ ರೈಟ್ ಫೀಲ್ಡ್‌ಗೆ. ಬಲಗೈಯವರಿಗೆ ಲೆಫ್ಟ್‌ನಲ್ಲಿ ಹೊಲದವರೆಗೂ ಜಾಗ, ನಮಗೆ 190 ಅಡಿಗೆ ಗೋಡೆ, ಮೇಲೆ ಔಟ್ ಬೇರೆ. ನಾನು ಇದೇ ಮೈದಾನದಲ್ಲಿ ಆಡುತ್ತೇನೆ. ಅದು ಹೋಮ್ ರನ್, ಸುಮ್ನೆ ಒಪ್ಪಿಕೊಳ್ಳಿ.

ಗಲ್ಲಿ_ಬೌಲರ್
190 ಅಡಿಗೆ ಹೋಮ್ ರನ್ ಕೊಟ್ಟರೆ ನಮ್ಮ ಅಜ್ಜಿನೂ ಹೊಡೆಯುತ್ತಾಳೆ.

ಹಳೇ_ಅಂಪೈರ್
ತಮ್ಮಂದಿರಾ, ಇಬ್ಬರದೂ ತಪ್ಪು. ಪುಸ್ತಕ ಒಮ್ಮೆ ನೋಡೋಣ.

ಬೇಸ್‌ಬಾಲ್ ನಿಯಮ ಪುಸ್ತಕದಲ್ಲಿ 4.05 ಅಂತ ಒಂದು ನಿಯಮ ಇದೆ. ಮೈದಾನದ ಕಾರಣಕ್ಕೆ ಏನಾದರೂ ವಿಶೇಷ ರೂಲ್ ಬೇಕಾದರೆ ಆತಿಥೇಯ ಟೀಮಿನ ಮ್ಯಾನೇಜರ್ ಅದನ್ನು ಮುಖ್ಯ ಅಂಪೈರ್‌ಗೂ ಎದುರಾಳಿ ಮ್ಯಾನೇಜರ್‌ಗೂ ಹೇಳಬೇಕು. ಎದುರಾಳಿ ಒಪ್ಪಿದರೆ ಅದೇ ರೂಲ್. ಒಪ್ಪದಿದ್ದರೆ ಮುಖ್ಯ ಅಂಪೈರ್ ತಾನೇ ತೀರ್ಮಾನ ಮಾಡುತ್ತಾನೆ. ಆದರೆ ಒಂದು ಷರತ್ತು: ಅಂಪೈರ್ ಮಾಡುವ ರೂಲ್ ಆಟದ ಮೂಲ ನಿಯಮಕ್ಕೆ ವಿರುದ್ಧ ಇರಬಾರದು. ನೆಟ್ಟಗೆ ಹೊಡೆದ ಫೇರ್ ಬಾಲ್‌ಗೆ ಔಟ್ ಕೊಡುವುದು ಮೂಲ ನಿಯಮಕ್ಕೇ ವಿರುದ್ಧ. ಅದು ಆಗುವುದಿಲ್ಲ.

ಹೋಮ್ ರನ್ ವಿಷಯ. ಚೆಂಡು ಪುಟಿಯದೆ ಬೇಲಿ ದಾಟಿದಾಗ ಆ ಬೇಲಿ ಹೋಮ್ ಪ್ಲೇಟ್‌ನಿಂದ 250 ಅಡಿ ಅಥವಾ ಹೆಚ್ಚು ದೂರ ಇದ್ದರೆ ಹೋಮ್ ರನ್. ಅದಕ್ಕಿಂತ ಹತ್ತಿರ ಇದ್ದರೆ ಬ್ಯಾಟರ್‌ಗೆ ಎರಡೇ ಬೇಸ್. ಅಂದರೆ ನಿಮ್ಮ 190 ಅಡಿ ಗೋಡೆಗೆ ಲೋಕಲ್ ರೂಲ್ ಬೇಕಾಗಿಯೇ ಇಲ್ಲ. ಪುಸ್ತಕವೇ ಹೇಳಿದೆ, ಡಬಲ್.

ಎಡಗೈ_ಬ್ಯಾಟು
ಸರ್, ಅದು ದೊಡ್ಡವರ ಪುಸ್ತಕ. ಅಮೆರಿಕದ ಲಿಟಲ್ ಲೀಗ್‌ನಲ್ಲಿ 12 ವರ್ಷದ ಮಕ್ಕಳಿಗೆ ಸುಮಾರು 200 ಅಡಿಗೇ ಬೇಲಿ ಇರುತ್ತದೆ. ಅದು ಹೋಮ್ ರನ್ನೇ.

ಹಳೇ_ಅಂಪೈರ್
ಹೌದು. ಅವರ ಬೇಸ್‌ಗಳೂ 60 ಅಡಿಗೆ, ಪಿಚರ್ ನಿಲ್ಲುವುದೂ 46 ಅಡಿಗೆ. ನೀವು 90 ಅಡಿ ಬೇಸ್, 60 ಅಡಿ 6 ಇಂಚಿನ ಪಿಚಿಂಗ್ ಇಟ್ಟುಕೊಂಡು ಬೇಲಿ ಮಾತ್ರ ಮಕ್ಕಳದು ಬೇಕು ಅಂದರೆ ಹೇಗೆ?

ಬೀದರ್_ಕ್ಯಾಚರ್
ಭಾನುವಾರ ಬರುವವರು ನಾವೇ. ಗೋಡೆಗೆ ಎರಡು ಬೇಸ್, ನಮಗೆ ಓಕೆ. ನಮ್ಮಲ್ಲಿ ಎಡಗೈಯವರು ಯಾರೂ ಇಲ್ಲ 😄

ಚೆಂಡು ಗೋಡೆಗೆ ಬಡಿದು ಒಳಗೆ ಬಂದರೆ ಆಟ ಮುಂದುವರಿಯುತ್ತದೆ ಅಲ್ವಾ? ಫರ್ಸಿ ನುಣುಪಾಗಿದ್ದರೆ ಚೆಂಡು ಒಂದು ಥರ ಬರುತ್ತದೆ, ಸಂದಿಗೆ ಬಡಿದರೆ ಇನ್ನೊಂದು ಥರ. ಅದನ್ನು ಮೊದಲೇ ಹೇಳಿಬಿಡಿ. ನಮ್ಮ ಹುಡುಗರು ಆಮೇಲೆ "ಇದು ಅನ್ಯಾಯ" ಅನ್ನುವುದು ಬೇಡ.

ಹಳೇ_ಅಂಪೈರ್
ಗೋಡೆಗೆ ಬಡಿದು ಒಳಗೆ ಬಂದ ಚೆಂಡು ಜೀವಂತ. ಆದರೆ ಗೋಡೆಗೆ ತಾಗಿದ ಮೇಲೆ ಹಿಡಿದರೆ ಕ್ಯಾಚ್ ಅಲ್ಲ. ನೆಲ ಮುಟ್ಟದಿದ್ದರೂ ಅಷ್ಟೆ. ಫೀಲ್ಡರ್ ಬಿಟ್ಟು ಬೇರೆ ವಸ್ತುವಿಗೆ ತಾಗಿದ ಕೂಡಲೇ ಅದು "ಹಾರಾಟದಲ್ಲಿರುವ ಚೆಂಡು" ಅಲ್ಲ. ಮರಕ್ಕೂ ಇದೇ ಮಾತು.

ಸ್ಕೋರ್‌ಬುಕ್_ಅಕ್ಕ
ಮರದ ಜಗಳ ನನಗೆ ನೆನಪಿದೆ. ಟೊಂಗೆಗೆ ಬಡಿದು ಕೆಳಗೆ ಬಿದ್ದ ಚೆಂಡನ್ನು ಲೆಫ್ಟ್ ಫೀಲ್ಡರ್ ಹಿಡಿದ. ಒಬ್ಬರು ಔಟ್ ಅಂದರು, ಇನ್ನೊಬ್ಬರು ಫೌಲ್ ಅಂದರು, ಬ್ಯಾಟರ್ ಅಷ್ಟರಲ್ಲಿ ಸೆಕೆಂಡ್ ಬೇಸ್‌ನಲ್ಲಿ ನಿಂತಿದ್ದ. ಪುಸ್ತಕದಲ್ಲಿ ಏನು ಬರೆಯಲಿ ಅಂತ ಪೆನ್ಸಿಲ್ ಹಿಡಿದು ಕೂತಿದ್ದೆ.

ಅಳೆದರೆ ಟೊಂಗೆಯ ಅರ್ಧ ಭಾಗ ಫೇರ್ ಕಡೆ, ಅರ್ಧ ಫೌಲ್ ಕಡೆ ಇದೆ. ಯಾವ ಎಲೆಗೆ ತಾಗಿತು ಅಂತ ಯಾರು ನೋಡುತ್ತಾರೆ?

ತೊಗರಿ_ಕಣಜ
ಟೊಂಗೆ ಕಡಿಸಿಬಿಡಿ.

ಎರೆಮಣ್ಣು_ಕಲಬುರಗಿ
ಬೇವಿನ ಮರ ಕಡಿಯಬೇಕಾ? ಕಲಬುರಗಿಯ ಬೇಸಿಗೆಯಲ್ಲಿ? ಶಾಲೆಯವರು ಮೈದಾನದಿಂದಲೇ ಓಡಿಸುತ್ತಾರೆ. ನೆರಳು ಅಂತ ಇರುವುದು ಅದೊಂದೇ.

ಸುಮ್ನೆ_ನೋಡುವವ
ಅಮೆರಿಕದಲ್ಲೂ ಗಿಡ ಇಟ್ಟುಕೊಂಡೇ ಆಡುತ್ತಾರೆ. ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಔಟ್‌ಫೀಲ್ಡ್ ಗೋಡೆ ತುಂಬ ಬಳ್ಳಿ. ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಮೇಲೆತ್ತುತ್ತಾನೆ. ಅಂಪೈರ್ ನೋಡಿ ಒಪ್ಪಿದರೆ ಎರಡು ಬೇಸ್. ಅವನು ಕೈ ಎತ್ತದೆ ಬಳ್ಳಿಯೊಳಗೆ ಕೈ ಹಾಕಿ ಹುಡುಕಿದರೆ ಆಟ ನಡೆಯುತ್ತಲೇ ಇರುತ್ತದೆ, ರನ್ನರ್ ಓಡುತ್ತಲೇ ಇರುತ್ತಾನೆ. ಎರೆ ಬಿರುಕಿಗೂ ಇದನ್ನೇ ಇಡಿ. ಜಾಲಿ ಪೊದೆಗೂ ಇದೇ ಸಾಕು.

ಯಾದಗಿರಿ_ಶಾರ್ಟ್‌ಸ್ಟಾಪ್
ಹೋದ ಸಲ ಬಂದವರಲ್ಲಿ ನಾನೂ ಒಬ್ಬ. ಮರದ ಜಗಳ ಬಿಡ್ರಿ, ನಮಗೆ ನಿಜವಾದ ಅನ್ಯಾಯ ಆಗಿದ್ದು ಬೈಕ್ ಹತ್ತಿರ. ನಮ್ಮ ರನ್ನರ್ ಫಸ್ಟ್ ಬೇಸ್‌ನಲ್ಲಿದ್ದ. ಬ್ಯಾಟರ್ ನೆಲದ ಮೇಲೆ ಹೊಡೆದ, ನಿಮ್ಮ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವವನು) ಎತ್ತಿ ಫಸ್ಟ್‌ಗೆ ಎಸೆದ, ಚೆಂಡು ಹಾರಿ ಬೈಕ್‌ಗಳ ನಡುವೆ ಹೋಯಿತು. ಎಲ್ಲ ಕಡೆ ರೂಲ್ ಏನು? ಓಡುತ್ತಿರುವ ಬೇಸ್, ಜೊತೆಗೆ ಒಂದು. ನಮ್ಮ ರನ್ನರ್ ಆಗಲೇ ಸೆಕೆಂಡ್ ದಾಟಿ ಥರ್ಡ್‌ಗೆ ಹೊರಟಿದ್ದ. ಅವನಿಗೆ ಹೋಮ್ ಸಿಗಬೇಕಿತ್ತು. ಥರ್ಡ್‌ನಲ್ಲೇ ನಿಲ್ಲಿಸಿದಿರಿ.

ಹಳೇ_ಅಂಪೈರ್
"ಓಡುತ್ತಿರುವ ಬೇಸ್, ಜೊತೆಗೆ ಒಂದು" ಅನ್ನುವ ರೂಲ್ ಯಾವ ಪುಸ್ತಕದಲ್ಲೂ ಇಲ್ಲ ತಮ್ಮಾ. ಎಲ್ಲರೂ ಹೇಳುತ್ತಾರೆ, ನಿಜ.

ಎಸೆತ ಮೈದಾನದ ಹೊರಗೆ ಹೋದರೆ ಎರಡು ಬೇಸ್. ಪ್ರಶ್ನೆ ಏನಂದರೆ ಎಲ್ಲಿಂದ ಎರಡು? ಅದು ಇನ್‌ಫೀಲ್ಡರ್‌ನ (ಬೇಸ್‌ಗಳ ಹತ್ತಿರ ನಿಲ್ಲುವವನ) ಮೊದಲ ಎಸೆತವಾಗಿದ್ದರೆ, ಪಿಚರ್ ಚೆಂಡು ಹಾಕಿದಾಗ ರನ್ನರ್ ಎಲ್ಲಿದ್ದನೋ ಅಲ್ಲಿಂದ ಎಣಿಸಬೇಕು. ನಿಮ್ಮವನು ಆಗ ಫಸ್ಟ್‌ನಲ್ಲಿದ್ದ. ಎರಡು ಬೇಸ್ ಅಂದರೆ ಥರ್ಡ್. ಬ್ಯಾಟರ್‌ಗೆ ಸೆಕೆಂಡ್. ಅವತ್ತಿನ ತೀರ್ಪು ಸರಿಯೇ ಇತ್ತು.

ಅದೇ ಔಟ್‌ಫೀಲ್ಡರ್ ಎಸೆದದ್ದು ಹೊರಗೆ ಹೋದರೆ, ಎಸೆತ ಅವನ ಕೈ ಬಿಟ್ಟ ಕ್ಷಣದಲ್ಲಿ ರನ್ನರ್ ಎಲ್ಲಿದ್ದನೋ ಅಲ್ಲಿಂದ. ಹೊರಗೆ ಬಿದ್ದ ಹೊತ್ತಿನಿಂದ ಅಲ್ಲ, ಕೈ ಬಿಟ್ಟ ಹೊತ್ತಿನಿಂದ. ಆಗ ಸೆಕೆಂಡ್ ದಾಟಿದ್ದರೆ ಹೋಮ್. ಫಸ್ಟ್ ದಾಟಿ ಸೆಕೆಂಡ್ ಮುಟ್ಟಿರದಿದ್ದರೆ ಥರ್ಡ್.

ಪಿಚರ್ ಬ್ಯಾಟರ್‌ಗೆ ಹಾಕಿದ ಚೆಂಡೋ, ತನ್ನ ಪಿಚಿಂಗ್ ಪಟ್ಟಿ ಮೇಲೆ ನಿಂತು ರನ್ನರ್‌ನನ್ನು ಹಿಡಿಯಲು ಎಸೆದ ಚೆಂಡೋ ಹೊರಗೆ ಹೋದರೆ ಒಂದೇ ಬೇಸ್.

ಯಾದಗಿರಿ_ಶಾರ್ಟ್‌ಸ್ಟಾಪ್
ಹಂಗಂದ್ರ ಇನ್‌ಫೀಲ್ಡರ್ ಎಸೆಯುವಷ್ಟರಲ್ಲಿ ರನ್ನರ್‌ಗಳೆಲ್ಲ ಆಗಲೇ ಒಂದೊಂದು ಬೇಸ್ ದಾಟಿದ್ದರೆ? ಬ್ಯಾಟರ್ ಕೂಡ ಫಸ್ಟ್ ಮುಟ್ಟಿದ್ದರೆ?

ಹಳೇ_ಅಂಪೈರ್
ಒಳ್ಳೆ ಪ್ರಶ್ನೆ. ಬ್ಯಾಟರ್ ಸೇರಿ ಎಲ್ಲರೂ ಒಂದು ಬೇಸ್ ಮುಂದೆ ಹೋಗಿದ್ದರೆ ಆಗ ಎಸೆದ ಕ್ಷಣದಿಂದ ಎಣಿಕೆ. ಅವತ್ತು ಬ್ಯಾಟರ್ ಫಸ್ಟ್ ಮುಟ್ಟಿದ್ದನಾ?

ಯಾದಗಿರಿ_ಶಾರ್ಟ್‌ಸ್ಟಾಪ್
ಮುಟ್ಟಿದ್ದ ಅಂತ ನಾವು, ಇಲ್ಲ ಅಂತ ಅವರು. ಬಿಡಿ, ಅದು ಇನ್ನು ಇತ್ಯರ್ಥ ಆಗುವುದಿಲ್ಲ.

ಸ್ಕೋರ್‌ಬುಕ್_ಅಕ್ಕ
"ಹೊರಗೆ" ಅಂದರೆ ಎಲ್ಲಿಂದ ಹೊರಗೆ? ಮೊದಲು ಅದಕ್ಕೆ ಗೆರೆ ಎಳೆಯಿರಿ. ಬೈಕ್ ನಿಂತಿದ್ದೇ ಗಡಿ ಅಂದರೆ ಪ್ರತಿ ಇನ್ನಿಂಗ್ಸ್‌ಗೂ ಗಡಿ ಬದಲಾಗುತ್ತದೆ. ಹೋದ ಸಲ ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಯಾರೋ ಬಂದು ಸ್ಕೂಟಿ ತೆಗೆದುಕೊಂಡು ಹೋದರು, ಗಡಿಯೂ ಅವರ ಜೊತೆ ಹೋಯಿತು.

ಬೀದರ್_ಕ್ಯಾಚರ್
ಅಕ್ಕಾ, ಇದು ಸೂಪರ್ 😂 ಸುಣ್ಣದ ಗೆರೆ ಅಥವಾ ಹಗ್ಗ ಹಾಕಿ. ಹಗ್ಗ ಆದರೆ ಮೊಣಕಾಲಿನ ಕೆಳಗೆ ಬೇಡ, ಫೌಲ್ ಚೆಂಡು ನೋಡುತ್ತಾ ಓಡುವಾಗ ಎಡವುವವನು ನಾನೇ. ಗೆರೆ ಒಳಗೆ ಕ್ಯಾಚ್ ಹಿಡಿದು ಆಮೇಲೆ ಗೆರೆ ದಾಟಿ ಹೊರಗೆ ಹೋದರೆ?

ಹಳೇ_ಅಂಪೈರ್
ಔಟ್ ಸರಿ. ಆದರೆ ಚೆಂಡು ಡೆಡ್, ಅಂದರೆ ಆಟ ಅಲ್ಲಿಗೆ ನಿಂತಿತು, ರನ್ನರ್‌ಗಳಿಗೆ ಒಂದೊಂದು ಬೇಸ್.

ತೊಗರಿ_ಕಣಜ
ಎಮ್ಮೆ ಬಂದರೆ? ತಮಾಷೆ ಅಲ್ಲ, ಜಾಲಿ ಕಡೆಯಿಂದ ಬರುತ್ತವೆ. ನಾಯಿ ಅಂತೂ ದಿನಾ ಇರುತ್ತದೆ.

ಸುಮ್ನೆ_ನೋಡುವವ
2001ರಲ್ಲಿ ಅಮೆರಿಕದ ಪಿಚರ್ ರ್‍ಯಾಂಡಿ ಜಾನ್ಸನ್ ಹಾಕಿದ ಚೆಂಡಿಗೆ ಹಾರುತ್ತಿದ್ದ ಪಾರಿವಾಳ ಅಡ್ಡ ಬಂದು ಪುಕ್ಕ ಚೆಲ್ಲಾಪಿಲ್ಲಿ ಆಯಿತಲ್ಲ. ವಿಡಿಯೋ ಇದೆ. ಆ ಪಿಚ್ ಲೆಕ್ಕಕ್ಕೇ ಹಿಡಿಯಲಿಲ್ಲ.

ಹಳೇ_ಅಂಪೈರ್
ಬ್ಯಾಟಿನಿಂದ ಹೋದ ಚೆಂಡು ಅಥವಾ ಎಸೆದ ಚೆಂಡು ಪ್ರಾಣಿಗೆ ತಾಗಿದರೆ ಆಟ ನಿಲ್ಲುವುದಿಲ್ಲ, ತಾಗಲೇ ಇಲ್ಲ ಅನ್ನುವ ಹಾಗೆ ಮುಂದುವರಿಯುತ್ತದೆ. ನಾಯಿ ಚೆಂಡು ಕಚ್ಚಿಕೊಂಡು ಓಡಿದರೆ ಮಾತ್ರ ಡೆಡ್, ಯಾರು ಯಾವ ಬೇಸ್‌ಗೆ ಅಂತ ಅಂಪೈರ್ ಹೇಳುತ್ತಾರೆ.

ತೊಗರಿ_ಕಣಜ
ಎಮ್ಮೆ ಚೆಂಡಿನ ಮೇಲೆ ಮಲಗಿದರೆ?

ಹಳೇ_ಅಂಪೈರ್
ಎರಡೂ ಕೈ ಮೇಲೆತ್ತಿ.

ಗಲ್ಲಿ_ಬೌಲರ್
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಪುಸ್ತಕ ಸರಿ, ಆದರೆ ಗೋಡೆ ಆಚೆ ಮನೆ ಇದೆ. ಹೋದ ತಿಂಗಳು ಕಿಟಕಿ ಗಾಜು ಒಡೆದಿದ್ದು ನಿಜವಾ ಇಲ್ಲವಾ? ಬೇಸ್‌ಬಾಲ್ ಚೆಂಡು 140 ಗ್ರಾಂ ಮೇಲೆ ಇರುತ್ತದೆ, ಟೆನಿಸ್ ಬಾಲ್ ಅಲ್ಲ. ಡಬಲ್ ಕೊಟ್ಟರೆ ಇನ್ನಷ್ಟು ಹೊಡೆಯುತ್ತಾರೆ. ಔಟ್ ಕೊಟ್ಟರೆ ತಾನೇ ನಿಲ್ಲಿಸುತ್ತಾರೆ. ನಾವೇನು ವರ್ಲ್ಡ್ ಸೀರೀಸ್ ಆಡುತ್ತಿದ್ದೇವಾ? ನಮ್ಮ ಮೈದಾನ, ನಮ್ಮ ಆಟ, ಎರಡೂ ಟೀಮ್ ಒಪ್ಪಿದರೆ ಸಾಕಲ್ವಾ?

ಎರೆಮಣ್ಣು_ಕಲಬುರಗಿ
ಗಾಜಿನ ಮಾತು ನಿಜ. ಆ ಮನೆಯ ಅಮ್ಮ ಈಗ ಚೆಂಡು ವಾಪಸ್ ಕೊಡುವುದಿಲ್ಲ. ಅವರದೇನೂ ತಪ್ಪಿಲ್ಲ.

ಹಳೇ_ಅಂಪೈರ್
ಎರಡೂ ಟೀಮ್ ಒಪ್ಪಿ ಆಡುವ ಸ್ನೇಹದ ಪಂದ್ಯದಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಯಾರೂ ಬಂದು ಹಿಡಿಯುವುದಿಲ್ಲ. ಆದರೆ ಮಕ್ಕಳು ನಾಳೆ ಜಿಲ್ಲಾ ಮಟ್ಟಕ್ಕೋ ವಿಭಾಗ ಮಟ್ಟಕ್ಕೋ ಹೋಗುತ್ತಾರೆ. ಚೆನ್ನಾಗಿ ಹೊಡೆದರೆ ಔಟ್ ಅಂತ ಕಲಿತ ಮಗು ಅಲ್ಲಿ ಹೋಗಿ ಏನು ಮಾಡಬೇಕು?

ಎಡಗೈ_ಬ್ಯಾಟು
ಇದಕ್ಕೆ ಸಾವಿರ ಲೈಕ್.

ಮಾಜಿ_ಪಿಟಿ_ಸರ್
ಎಲ್ಲ ಓದಿದೆ. ಒಂದು ಪ್ರಶ್ನೆ. ಎಷ್ಟು ಗಂಟೆಗೆ ಆಡುತ್ತೀರಿ?

ಎರೆಮಣ್ಣು_ಕಲಬುರಗಿ
ಸರ್, ಆರೂವರೆಗೆ ಶುರು. ಒಂಬತ್ತರ ಮೇಲೆ ಈ ಬಿಸಿಲಲ್ಲಿ ಮಕ್ಕಳನ್ನು ನಿಲ್ಲಿಸಲು ಆಗುವುದಿಲ್ಲ.

ಮಾಜಿ_ಪಿಟಿ_ಸರ್
ಆರೂವರೆಗೆ ಬ್ಯಾಟರ್ ಮುಖ ಪೂರ್ವಕ್ಕೆ! ಚೆಂಡು ಸೂರ್ಯನ ಒಳಗಿಂದ ಬರುತ್ತದೆ. ಮಗುವಿಗೆ ಕಾಣುವುದಾದರೂ ಹೇಗೆ? ನೀವು ಮರ, ಗೋಡೆ, ಎಮ್ಮೆ ಅಂತ ಚರ್ಚೆ ಮಾಡುತ್ತಿದ್ದೀರಿ. ನನಗೆ ಇದು ಅದೆಲ್ಲಕ್ಕಿಂತ ದೊಡ್ಡದು.

ಹೋಮ್ ಪ್ಲೇಟ್‌ನಿಂದ ಸೆಕೆಂಡ್ ಬೇಸ್‌ಗೆ ಎಳೆದ ಗೆರೆ ಪೂರ್ವ-ಈಶಾನ್ಯಕ್ಕೆ ಇರುವುದು ಒಳ್ಳೆಯದು ಅಂತ ಪುಸ್ತಕದಲ್ಲಿದೆ. ಅದನ್ನು ನೋಡಿಯೇ ಯಾರೋ ಹೀಗೆ ಹಾಕಿರಬೇಕು. ಆದರೆ ಅದು ಮಧ್ಯಾಹ್ನದ ಮೇಲೆ ಆಡುವವರಿಗೆ. ಅವರಿಗೆ ಸೂರ್ಯ ಬ್ಯಾಟರ್ ಬೆನ್ನಿಗೆ ಬೀಳುತ್ತಾನೆ. ಬೆಳಿಗ್ಗೆ ಆಡುವ ನಮಗೆ ಅದು ಉಲ್ಟಾ.

ಹೋಮ್ ಪ್ಲೇಟನ್ನು ಬೇವಿನ ಮರದ ಮೂಲೆಗೆ ತನ್ನಿ. ಅದು ಈಶಾನ್ಯಕ್ಕೆ ತಾನೇ ಇರುವುದು? ಬ್ಯಾಟರ್ ಮುಖ ನೈಋತ್ಯಕ್ಕೆ. ಆಗ ಸೂರ್ಯ ಬೆನ್ನಿಗೆ. ಮರ ಪ್ಲೇಟಿನ ಹಿಂದೆ ಪಕ್ಕಕ್ಕೆ ಬರುತ್ತದೆ, ಅದರ ಕೆಳಗೆ ಬ್ಯಾಟಿಂಗ್ ಟೀಮ್ ಕೂರಬಹುದು. ಲೆಫ್ಟ್ ಲೈನ್ ನೇರ ದಕ್ಷಿಣಕ್ಕೆ, ಫರ್ಸಿ ಗೋಡೆ ಕಡೆ. ಮೈದಾನದ ಪೂರ್ತಿ ಅಗಲ ಸಿಗುತ್ತದೆ. ರೈಟ್ ಲೈನ್ ಪಶ್ಚಿಮಕ್ಕೆ, ಗೇಟಿನ ಕಡೆ. ಹಿಂದಕ್ಕೆ ಹೋಗುವ ಫೌಲ್ ಎಲ್ಲ ಜಾಲಿಗೆ. ಅಲ್ಲಿ ಯಾರ ಕಿಟಕಿಯೂ ಇಲ್ಲ.

ನಿಮ್ಮಲ್ಲಿ ಮಣ್ಣಿನ ದಿಬ್ಬ ಇದೆಯಾ, ಪಿಚರ್ ಸಮನೆಲದ ಮೇಲೇ ನಿಲ್ಲುತ್ತಾನಾ?

ಎರೆಮಣ್ಣು_ಕಲಬುರಗಿ
ದಿಬ್ಬ ಇಲ್ಲ ಸರ್. ರಬ್ಬರ್ ಪಟ್ಟಿ ಮೊಳೆ ಹೊಡೆದು ಕೂರಿಸುತ್ತೇವೆ, ಆಟ ಮುಗಿದ ಮೇಲೆ ಕಿತ್ತು ತರುತ್ತೇವೆ.

ಮಾಜಿ_ಪಿಟಿ_ಸರ್
ಹಾಗಾದರೆ ಏನು ಕಷ್ಟ? ಟೇಪ್ ತೆಗೆದುಕೊಂಡು ಹೋಗಿ ಅಳೆಯಿರಿ. ಮರದ ಮೂಲೆಯಿಂದ ಗೋಡೆಗೆ ಎಷ್ಟು ಅಂತ ಹೇಳಿ.

ಎಡಗೈ_ಬ್ಯಾಟು
ನನಗೆ ರೈಟ್ ಫೀಲ್ಡ್ ಖುಲ್ಲಾ! ಸರ್, ನಿಮ್ಮ ಪಾದ ಎಲ್ಲಿ?

ಬೀದರ್_ಕ್ಯಾಚರ್
ಒಂದು ಅನುಮಾನ. ಹಾಗೆ ತಿರುಗಿಸಿದರೆ ಸೂರ್ಯ ಈಗ ಫೀಲ್ಡರ್‌ಗಳ ಕಣ್ಣಿಗೆ. ಅವರು ಈಶಾನ್ಯ ನೋಡುತ್ತಾ ನಿಲ್ಲುತ್ತಾರೆ.

ಮಾಜಿ_ಪಿಟಿ_ಸರ್
ಯಾರೋ ಒಬ್ಬರ ಕಣ್ಣಿಗೆ ಬೀಳಲೇಬೇಕಲ್ಲ. ಫೀಲ್ಡರ್ ದೂರದಲ್ಲಿರುತ್ತಾನೆ. ಟೋಪಿ ಎಳೆದುಕೊಳ್ಳಬಹುದು, ಗ್ಲೌಸ್ ಅಡ್ಡ ಹಿಡಿಯಬಹುದು. ಬ್ಯಾಟರ್ ಮುಖಕ್ಕೆ ಬರುವ ಚೆಂಡಿಗೆ ಏನು ಅಡ್ಡ ಹಿಡಿಯುತ್ತಾನೆ? ಪಿಚರ್ ಬಗ್ಗೆ ಮಾತ್ರ ನನಗೂ ಯೋಚನೆ ಇದೆ. ನೇರ ಹೊಡೆತ ಅವನ ಕಡೆಯೇ ಬರುತ್ತದೆ. ಮೊದಲ ಅರ್ಧ ಗಂಟೆ ಮಕ್ಕಳಿಗೆ ವಾರ್ಮಪ್ ಮಾಡಿಸಿ, ಆಟ ಏಳಕ್ಕೆ ಶುರು ಮಾಡಿ. ಸೂರ್ಯ ಸ್ವಲ್ಪ ಮೇಲೇರಿರುತ್ತಾನೆ.

ತೊಗರಿ_ಕಣಜ
ಏಳಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ಏಳು ಇನ್ನಿಂಗ್ಸ್ ಮುಗಿಯುತ್ತದಾ?

ಸ್ಕೋರ್‌ಬುಕ್_ಅಕ್ಕ
ಮಕ್ಕಳದು ಐದೇ ಸಾಕು. ವಾಕ್ ಮೇಲೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಬೇಸ್) ಕೊಟ್ಟು ಮೂರಕ್ಕೇ ಸುಸ್ತಾಗುತ್ತಾರೆ. ಹತ್ತು ರನ್ ಅಂತರ ಆದರೆ ನಿಲ್ಲಿಸುವುದೂ ಬರೆಯಿರಿ.

ಸುಮ್ನೆ_ನೋಡುವವ
ವಿಷಯ ಬಿಟ್ಟು ಹೇಳುತ್ತೇನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲೂ ಇದೆ, ಕ್ರಿಕೆಟ್ಟೂ ಇದೆ. ಅದೇ ಊರಲ್ಲಿ 1958ರಲ್ಲಿ ಡಾಡ್ಜರ್ಸ್ ಟೀಮ್ ಅಥ್ಲೆಟಿಕ್ಸ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಆಡಿತು. ಲೆಫ್ಟ್ ಫೀಲ್ಡ್ 250 ಅಡಿ ಆಸುಪಾಸು ಅಷ್ಟೇ. ಹೋಮ್ ರನ್ ಅಗ್ಗ ಆಗಬಾರದು ಅಂತ 40 ಅಡಿ ಎತ್ತರದ ಜಾಲರಿ ಕಟ್ಟಿದರು. ದುಡ್ಡಿದ್ದವರೂ ಸಿಕ್ಕಿದ ಮೈದಾನದಲ್ಲೇ ಹೊಂದಿಸಿಕೊಂಡಿದ್ದಾರೆ.

ಗಲ್ಲಿ_ಬೌಲರ್
40 ಅಡಿ ಜಾಲರಿ ನಮ್ಮ ಗೋಡೆಗೂ ಕಟ್ಟಿಸಿ ಹಾಗಾದರೆ. ಚಂದಾ ಯಾರು ಕೊಡುತ್ತೀರಿ?

ಎರೆಮಣ್ಣು_ಕಲಬುರಗಿ
ಬೆಳಿಗ್ಗೆ ಹೋಗಿ ಅಳೆದು ಬಂದೆವು. ಮರದಿಂದ ಸ್ವಲ್ಪ ಮುಂದೆ ಪ್ಲೇಟ್ ಇಟ್ಟರೆ, ಲೆಫ್ಟ್ ಲೈನ್ ಮೇಲೆ ಗೋಡೆಗೆ 262 ಅಡಿ. ಪಿಟಿ ಸರ್‌ಗೆ ದೊಡ್ಡ ನಮಸ್ಕಾರ. 250 ದಾಟಿತು, ಅಂದರೆ ಗೋಡೆ ದಾಟಿದರೆ ಹೋಮ್ ರನ್, ಯಾರೂ ಜಗಳ ಆಡುವ ಹಾಗಿಲ್ಲ. ನಮ್ಮ ಮಕ್ಕಳಲ್ಲಿ ಅಷ್ಟು ದೂರ ಹೊಡೆಯುವವರು ಇಲ್ಲ, ದೊಡ್ಡವರಲ್ಲೂ ಒಬ್ಬರೋ ಇಬ್ಬರೋ. ಗಾಜಿನ ಚಿಂತೆ ಬಹಳ ಕಡಿಮೆ ಆಯಿತು.

ಚೌಕ ಸರಿಯಾಗಿದೆಯಾ ಅಂತ ಹೋಮ್‌ನಿಂದ ಸೆಕೆಂಡ್‌ಗೆ ಹಗ್ಗ ಹಿಡಿದೆವು. 90 ಅಡಿ ಬೇಸ್‌ಗೆ 127 ಅಡಿ 3 ಇಂಚಿನ ಮೇಲೆ ಚೂರು ಬರಬೇಕು, ಬಂತು.

ಸಿಮೆಂಟ್ ಪಿಚ್ ಈಗಲೂ ಸೆಂಟರ್ ಫೀಲ್ಡ್‌ನಲ್ಲೇ. ಹೊಸ ತಲೆನೋವು ಧ್ವಜದ ಕಟ್ಟೆ. ಅದೀಗ ರೈಟ್ ಫೀಲ್ಡ್ ಒಳಗೇ ಬಂದಿದೆ.

ಸುಮ್ನೆ_ನೋಡುವವ
ಧ್ವಜಸ್ತಂಭ ಮೈದಾನದ ಒಳಗೆ ಇದ್ದ ದೊಡ್ಡ ಸ್ಟೇಡಿಯಂ ಕೂಡ ಇತ್ತು. ಹ್ಯೂಸ್ಟನ್‌ನಲ್ಲಿ, 2000ದಿಂದ 2016ರವರೆಗೆ. ಸೆಂಟರ್ ಫೀಲ್ಡ್‌ನಲ್ಲಿ ಸಣ್ಣ ಏರು, ಅದರ ಮೇಲೆ ಕಂಬ. ಚೆಂಡು ಕಂಬಕ್ಕೆ ತಾಗಿದರೂ ಆಟ ನಡೆಯುತ್ತಿತ್ತು.

ಸ್ಕೋರ್‌ಬುಕ್_ಅಕ್ಕ
ಅದು ಸಂಬಳ ತೆಗೆದುಕೊಳ್ಳುವವರಿಗೆ. ಕಟ್ಟೆಯ ಅಂಚು ಚೂಪಾಗಿದೆ. ಮೇಲೆ ನೋಡುತ್ತಾ ಓಡುವ ಮಗು ಮೊಣಕಾಲು ಹೊಡೆದುಕೊಳ್ಳುತ್ತದೆ. ಕಟ್ಟೆ ಸುತ್ತ ಆರು ಅಡಿ ಬಿಟ್ಟು ಸುಣ್ಣದ ಗೆರೆ ಹಾಕಿ. ಗೆರೆ ಒಳಗೆ ಚೆಂಡು ಹೋದರೆ ಡೆಡ್, ಎರಡು ಬೇಸ್. ಫೀಲ್ಡರ್ ಒಳಗೆ ಹೋಗಬೇಕಾಗಿಯೇ ಇಲ್ಲ. ಧ್ವಜದ ಕಟ್ಟೆ ಮೇಲೆ ಬೂಟು ಹಾಕಿಕೊಂಡು ಹತ್ತುವುದೂ ತಪ್ಪುತ್ತದೆ.

ಹಳೇ_ಅಂಪೈರ್
ಸರಿಯಾದ ಮಾತು. ಜನ ಕೂರುವ ಕಡೆಗೂ ಇದೇ ಮಾಡಿ. ಇದು ಹೊಸದೇನಲ್ಲ, 1903ರ ಮೊದಲ ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜನ ಜಾಸ್ತಿಯಾಗಿ ಔಟ್‌ಫೀಲ್ಡ್‌ನಲ್ಲಿ ಹಗ್ಗದ ಆಚೆ ನಿಂತಿದ್ದರು. ಚೆಂಡು ಜನರೊಳಗೆ ಹೋದರೆ ಮೂರು ಬೇಸ್ ಅಂತ ಮೊದಲೇ ಮಾತಾಗಿತ್ತು.

ಸಿಮೆಂಟ್ ಪಿಚ್‌ಗೆ ಯಾವ ರೂಲೂ ಬೇಡ, ಪುಟಿದ ಹಾಗೆ ಆಟ. ಅಲ್ಲಿಂದ ಪುಟಿದು ಗೋಡೆ ದಾಟಿದರೆ ಪುಸ್ತಕದ ಪ್ರಕಾರವೇ ಎರಡು ಬೇಸ್. ಅಂಚು ಮಾತ್ರ ಮುರುಮ್ ಹಾಕಿ ನೆಲಕ್ಕೆ ಸಮ ಮಾಡಿ.

ಬೀದರ್_ಕ್ಯಾಚರ್
ಕಟ್ಟೆ ಓಕೆ, ಗೋಡೆ ಓಕೆ, ಸುಣ್ಣದ ಗೆರೆ ಓಕೆ. ಬಿರುಕಿನ ರೂಲ್ ಮಾತ್ರ ನಮಗೆ ಒಪ್ಪಿಗೆ ಇಲ್ಲ. ನಮ್ಮದು ಕೆಂಪು ಮಣ್ಣು, ಬಿರುಕು ಅಂದರೇನು ಅಂತ ನಮ್ಮ ಔಟ್‌ಫೀಲ್ಡರ್‌ಗಳಿಗೆ ಗೊತ್ತೇ ಇಲ್ಲ. ಅವರು ಚೆಂಡು ಎತ್ತಲು ಕೈ ಹಾಕುತ್ತಾರೆ, ಆಟ ನಡೆಯುತ್ತದೆ, ರನ್ ಹೋಗುತ್ತದೆ. ನಿಮ್ಮವರಿಗೆ ಅಭ್ಯಾಸ ಇದೆ. ಚೆಂಡು ಬಿರುಕಿನ ಬಾಯಲ್ಲಿ ಸುಮ್ನೆ ಕೂತಿದ್ದರೂ ಕೈ ಮೇಲೆತ್ತಿ ನಿಲ್ಲುತ್ತಾರೆ.

ಎರೆಮಣ್ಣು_ಕಲಬುರಗಿ
ಹಾಗೆ ಮೋಸ ಮಾಡುವವರು ನಾವಲ್ಲ ಅಣ್ಣಾ.

ಯಾದಗಿರಿ_ಶಾರ್ಟ್‌ಸ್ಟಾಪ್
😏

ತೊಗರಿ_ಕಣಜ
ಹಿಂದಿನ ದಿನ ಟ್ಯಾಂಕರ್ ನೀರು ಬಿಡಿ. ಎರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ.

ಎಡಗೈ_ಬ್ಯಾಟು
ಮುಚ್ಚಿಕೊಳ್ಳುತ್ತದೆ, ಆಮೇಲೆ ಬೂಟಿಗೆ ಒಂದೊಂದು ಕಿಲೋ ಅಂಟಿಕೊಳ್ಳುತ್ತದೆ. ಓಡುವುದಿರಲಿ, ಕಾಲು ಎತ್ತಲು ಆಗುವುದಿಲ್ಲ. ಈ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುತ್ತಿದ್ದೇವೆ, ಮೈದಾನಕ್ಕೆ ಬಿಡಿ ಅಂದರೆ ಜನ ಹೊಡೆಯುತ್ತಾರೆ.

ಮಾಜಿ_ಪಿಟಿ_ಸರ್
ನೀರು ಬೇಡ. ಇನ್‌ಫೀಲ್ಡ್‌ಗೆ ಬಿರುಕು ತುಂಬುವಷ್ಟು ಮುರುಮ್ ಹಾಕಿ ಮೇಲೆ ರೋಲರ್ ಎಳೆಯಿರಿ. ಒಂದು ಟ್ರ್ಯಾಕ್ಟರ್ ಟ್ರಾಲಿ ಸಾಕಾಗಬಹುದು. ಅಲ್ಲಿ ಚೆಂಡಿಗಿಂತ ಮಕ್ಕಳ ಪಾದ ಸಿಕ್ಕಿಕೊಳ್ಳುವ ಭಯ ನನಗೆ. ಔಟ್‌ಫೀಲ್ಡ್ ಪೂರ್ತಿ ತುಂಬಲು ಆಗುವುದಿಲ್ಲ, ಅಲ್ಲಿಗೆ ರೂಲ್ ಬೇಕೇ ಬೇಕು.

ಹಳೇ_ಅಂಪೈರ್
ಬೀದರ್‌ನವರ ಅನುಮಾನಕ್ಕೆ ಹೀಗೆ ಮಾಡಬಹುದು. ಕೈ ಎತ್ತುವುದು ಫೀಲ್ಡರ್ ಕೆಲಸ. ಚೆಂಡು ನಿಜವಾಗಿ ಸಿಕ್ಕಿದೆಯಾ ಅಂತ ಹೇಳುವುದು ಅಂಪೈರ್ ಕೆಲಸ. ಚೆಂಡು ಪೂರ್ತಿ ನೆಲದ ಮಟ್ಟಕ್ಕಿಂತ ಕೆಳಗೆ ಇದ್ದರೆ ಮಾತ್ರ ಡೆಡ್, ಎರಡು ಬೇಸ್. ಅರ್ಧ ಮೇಲೆ ಕಾಣುತ್ತಿದ್ದರೆ ಆಟ. ಕೈ ಎತ್ತಿದ್ದು ತಪ್ಪು ಅಂತ ಆದರೆ ಆ ಹೊತ್ತಿಗೆ ಓಡಿದ ರನ್ನರ್‌ಗಳೆಲ್ಲ ಅವರವರು ತಲುಪಿದ ಬೇಸ್‌ನಲ್ಲಿ. ಮೋಸ ಮಾಡಿದರೆ ನಷ್ಟ ಫೀಲ್ಡಿಂಗ್ ಟೀಮಿಗೇ.

ಬಿರುಕಿನ ಅಂಚಿಗೆ ಬಡಿದು ಚೆಂಡು ಅಡ್ಡಾದಿಡ್ಡಿ ಹೋಯಿತು ಅಂತ ಯಾರೂ ನನ್ನ ಹತ್ತಿರ ಬರಬೇಡಿ. ಅದು ಎರಡೂ ಟೀಮಿಗೆ ಒಂದೇ.

ಬೀದರ್_ಕ್ಯಾಚರ್
ನೆಲದ ಮಟ್ಟಕ್ಕಿಂತ ಕೆಳಗೆ ಅನ್ನುವುದು ಚೆನ್ನಾಗಿದೆ. ಹಾಗಾದರೆ ಒಪ್ಪಿಗೆ. ಆದರೆ ಆಟ ಶುರು ಆಗುವ ಮೊದಲು ನಮ್ಮ ಔಟ್‌ಫೀಲ್ಡರ್‌ಗಳಿಗೆ ಮೈದಾನ ಸುತ್ತಿಸಿ ತೋರಿಸಬೇಕು. ಕಾಗದದ ಮೇಲೆ ಓದಿದರೆ ಅವರಿಗೆ ತಲೆಗೆ ಹೋಗುವುದಿಲ್ಲ.

ಸ್ಕೋರ್‌ಬುಕ್_ಅಕ್ಕ
ಕ್ರಿಕೆಟ್ ಹುಡುಗರ ವಿಷಯ ಮರೆತಿರಿ. ಭಾನುವಾರ ಅವರೂ ಬರುತ್ತಾರೆ. ಅವರ ಚೆಂಡು ನಮ್ಮ ಕಡೆ ಉರುಳಿ ಬಂದರೆ?

ಹಳೇ_ಅಂಪೈರ್
ಆಟ ನಡೆಯುತ್ತಿರುವಾಗ ಅಂಪೈರ್ ಟೈಮ್ ಕರೆಯಬಾರದು ಅಂತ ಪುಸ್ತಕ ಹೇಳುತ್ತದೆ. ಮಕ್ಕಳ ಪಂದ್ಯದಲ್ಲಿ ಮಾತ್ರ ನಾನು ಕರೆಯುತ್ತೇನೆ. ಎರಡು ಚೆಂಡಿನ ನಡುವೆ ಮಗುವನ್ನು ನಿಲ್ಲಿಸುವುದಿಲ್ಲ.

ಗಲ್ಲಿ_ಬೌಲರ್
ಈಗ ಪುಸ್ತಕ ಎಲ್ಲಿ ಹೋಯಿತು ಅಂಪೈರ್ ಕಾಕಾ?

ಹಳೇ_ಅಂಪೈರ್
ಚೀಲದಲ್ಲೇ ಇದೆ. ಎರಡೂ ಟೀಮಿನವರನ್ನು ಮೊದಲೇ ಕೇಳಿ, ಒಪ್ಪಿಸಿಯೇ ಮಾಡುತ್ತೇನೆ.

ಎರೆಮಣ್ಣು_ಕಲಬುರಗಿ
ಕ್ರಿಕೆಟ್‌ನವರ ಹತ್ತಿರ ಮಾತಾಡಿದೆ. ಒಂಬತ್ತರವರೆಗೆ ಮೈದಾನ ನಮಗೆ, ಆಮೇಲೆ ಅವರಿಗೆ. ಬದಲಿಗೆ ನಮ್ಮ ರೋಲರ್ ಅವರ ಕಡೆಗೂ ಎಳೆಯಬೇಕಂತೆ. ದೊಡ್ಡವರ ಪಂದ್ಯ ಸಂಜೆ ನಾಲ್ಕೂವರೆಗೆ ಇಟ್ಟುಕೊಳ್ಳೋಣವಾ?

ಮಾಜಿ_ಪಿಟಿ_ಸರ್
ಸಂಜೆ ಆಡಿದರೆ ಬ್ಯಾಟರ್ ಮುಖ ನೈಋತ್ಯಕ್ಕೆ, ಸೂರ್ಯ ಮತ್ತೆ ಎದುರಿಗೆ!

ಎರೆಮಣ್ಣು_ಕಲಬುರಗಿ
ಅಯ್ಯೋ ಹೌದಲ್ಲ ಸರ್.

ಎಡಗೈ_ಬ್ಯಾಟು
ಸಂಜೆಗೆ ಹಳೇ ಜಾಗಕ್ಕೆ ಪ್ಲೇಟ್ ಹೊತ್ತೊಯ್ಯೋಣ ಅನ್ನಬೇಡಿ ದಯವಿಟ್ಟು. ನನಗೆ ಮತ್ತೆ 190 ಅಡಿ ಗೋಡೆ.

ಬೀದರ್_ಕ್ಯಾಚರ್
ನಮಗೆ ಸಂಜೆ ಆಗುವುದಿಲ್ಲ, ವಾಪಸ್ ಹೋಗಬೇಕು. ಮಕ್ಕಳ ಪಂದ್ಯ ಒಂದೇ ಆಡೋಣ, ದೊಡ್ಡವರದು ಇನ್ನೊಂದು ಸಲ ಬೀದರ್‌ನಲ್ಲಿ. ನಮ್ಮ ಮೈದಾನದಲ್ಲಿ ಸೆಕೆಂಡ್ ಬೇಸ್ ಹಿಂದೆ ಒಂದು ಬೋರ್‌ವೆಲ್ ಇದೆ, ಅದಕ್ಕೆ ಈಗಲೇ ರೂಲ್ ಯೋಚಿಸಿಟ್ಟುಕೊಳ್ಳಿ.

ಸ್ಕೋರ್‌ಬುಕ್_ಅಕ್ಕ
ಸರಿ. ಮಕ್ಕಳ ಪಂದ್ಯ, ಏಳಕ್ಕೆ ಶುರು, ಐದು ಇನ್ನಿಂಗ್ಸ್. ಗೋಡೆ, ಕಟ್ಟೆ, ಬಿರುಕು, ಜಾಲಿ, ಬೈಕ್ ಗೆರೆ. ಒಂದೇ ಹಾಳೆಯಲ್ಲಿ ಬರೆದು ತರುತ್ತೇನೆ, ಹೋಮ್ ಪ್ಲೇಟ್ ಹತ್ತಿರ ಓದಿ ಇಬ್ಬರೂ ಸಹಿ ಹಾಕಿ. ಸುಣ್ಣದ ಚೀಲ ಶಾಲೆಯಲ್ಲಿ ಖಾಲಿ ಆಗಿದೆ. ಸೂಪರ್ ಮಾರ್ಕೆಟ್ ಕಡೆ ಶನಿವಾರ ಯಾರು ಹೋಗುತ್ತೀರಿ?

ತೊಗರಿ_ಕಣಜ
ನಾನು ಹೋಗುತ್ತೇನೆ. ಎರಡು ಚೀಲ ಸಾಕಾ? ಜಾಲಿಯಿಂದ ಚೆಂಡು ತೆಗೆಯಲು ಒಂದು ಉದ್ದ ಕೊಕ್ಕೆ ಕೋಲೂ ತರುತ್ತೇನೆ.